ಡಬ್ಬಿಯ ಬೀಜ

ತೀರಿಕೊಂಡ ಮೊದಲ ಹೆಂಡತಿ ಮಹಡಿಯ ಮೇಲೆ ಬೆಳೆಸಿದ್ದ ಟೊಮೆಟೊದ ಬೀಜವನ್ನು ಗಂಡ ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಟ್ಟಿದ್ದ. ವರ್ಷವರ್ಷವೂ ಅವಳದೇ ಹಣ್ಣು ಬಿಡಬೇಕು ಅವನಿಗೆ.

ಎರಡನೆಯವಳು ಆ ಹಳೆಯ ಗಿಡದಲ್ಲಿ ಉಳಿದಿದ್ದ ಹಣ್ಣೊಂದನ್ನು ಬೀಜದಂಗಡಿಗೆ ಒಯ್ದು ತೋರಿಸಿದಳು. "ಕುಲಾಂತರಿ ಅಂತಾರಲ್ಲ, ಅದಾ ಇದು?"

"ಅಲ್ಲಮ್ಮ, ಬರೀ ಹೈಬ್ರಿಡ್. ಎರಡು ತಳಿ ಕೂಡಿಸಿದ್ದು. ಇದರ ಬೀಜ ಹಾಕಿದ್ರೆ ಗಿಡಕ್ಕೊಂದು ಥರ ಕಾಯಿ ಬಿಡುತ್ತೆ. ಪ್ರತಿ ಸಲ ಹೊಸ ಪ್ಯಾಕೆಟ್ಟೇ ತಗೋಬೇಕು."

ಅಂದಿನಿಂದ ಅವಳು ಪ್ರತಿ ವರ್ಷ ಅದೇ ತಳಿಯ ಪ್ಯಾಕೆಟ್ ತಂದು ಗುಟ್ಟಾಗಿ ಡಬ್ಬಿಯ ಬೀಜ ಬದಲಿಸುತ್ತಾ ಬಂದಳು. ಈ ವರ್ಷ ಮಾತ್ರ ಬದಲಿಸಲಿಲ್ಲ. ಸತ್ತವಳು ಇನ್ನಾದರೂ ಮನೆ ಬಿಟ್ಟು ಹೋಗಲಿ ಅನಿಸಿತ್ತು.

ಆದರೆ ಎಲ್ಲ ಕುಂಡಗಳಲ್ಲೂ ಅದೇ ಬಣ್ಣದ, ಅದೇ ಆಕಾರದ ಹಣ್ಣು ತೂಗಿದವು. ಅವಳು ಕುಂಡಗಳಿಂದ ಹಿಂದೆ ಸರಿದಳು.

"ಹೆದರಬೇಡ," ಎಂದ ಗಂಡ, ಒಂದು ಹಣ್ಣು ಕಿತ್ತು ಅವಳ ಕೈಗಿಡುತ್ತ. "ಈ ಸಲ ನೀನು ಪ್ಯಾಕೆಟ್ ತರೋದು ಮರೆತಿದ್ದೆ. ನಾನೇ ತಂದು ಡಬ್ಬಿಗೆ ಹಾಕಿದೆ."