ಎರಡನೆಯ ಸ್ನಾನ

“ಅವ್ವ, ನಾ ವಿಮಾನ ಮುರದೇನಿ.”

ಫೋನಿನಿಂದ ಸಂಪದಾಳ ದನಿ ಹೊರಬಿದ್ದಾಗ ಯಮುನಾಬಾಯಿಯ ಸೌಟು ತೊವ್ವೆಯಲ್ಲೇ ನಿಂತಿತು. ಹತ್ತು ತಿಂಗಳಿಂದ ಊರು ಬಿಟ್ಟು ವಿಮಾನ ಹಾರಿಸಲು ಕಲಿಯುತ್ತಿದ್ದ ಮಗಳು. ಫೋನು ಕಸಿದುಕೊಳ್ಳೋಣವೆಂದರೆ ಯಮುನಾಬಾಯಿ ಮಡಿಯಲ್ಲಿದ್ದಳು. ಮುಟ್ಟಿದರೆ ಮತ್ತೆ ಮಿಂದೇ ಬಡಿಸಬೇಕು. ಹಾಲು ತಂದು ಆಗಷ್ಟೇ ಒಳಬಂದಿದ್ದ ಗಂಡ ವಿಜಯೀಂದ್ರ ಅಡುಗೆಮನೆಯ ಹೊಸ್ತಿಲಾಚೆ ನಿಂತು, ಸ್ಪೀಕರ್ ಹಾಕಿ, ಕೈ ಚಾಚಿ ಹಿಡಿದಿದ್ದ. ಪಡಸಾಲೆಯಲ್ಲಿ ಅವನ ಅಣ್ಣ ರಾಘಣ್ಣ ಎಲೆಯ ಮುಂದೆ ಕುಳಿತಿದ್ದರು. ನಿನ್ನೆಯ ಏಕಾದಶಿಗೆ ಹನಿ ನೀರೂ ಕುಡಿದವರಲ್ಲ. ದ್ವಾದಶಿಯ ಪಾರಣೆ ಏಳು ಗಂಟೆಯೊಳಗೆ ಆಗದಿದ್ದರೆ ವ್ರತ ಕೆಟ್ಟಂತೆಯೇ.

“ಕೈಕಾಲು?”

“ಎಲ್ಲಾ ನೆಟ್ಟಗ ಅವ. ತುಟಿ ಒಂದೀಟು ಒಡದದ.”

“ಒಳಗ ಬ್ಯಾರೆ ಯಾರಿದ್ರು?”

“ಯಾರೂ ಇಲ್ಲ. ಒಬ್ಬಾಕಿನ ಹಾರಿಸಾಕತ್ತಿದ್ದೆ.”

ಯಮುನಾಬಾಯಿ ಗೋಡೆಗೆ ಬೆನ್ನು ಕೊಟ್ಟಳು. ನಿನ್ನೆ ಸಂಜೆ ಇಳಿಯುವಾಗ ಚಕ್ರ ನೆಲಕ್ಕೆ ತಾಗಿ ವಿಮಾನ ಚೆಂಡಿನಂತೆ ಪುಟಿದಿತ್ತಂತೆ. ಹಾಗೆ ಪುಟಿದರೆ ಎಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಮತ್ತೆ ಮೇಲೇರಬೇಕು, ಒಂದು ಸುತ್ತು ಹಾಕಿ ಹೊಸದಾಗಿ ಇಳಿಯಬೇಕು. ಸಂಪದಾ ಗಾಬರಿಯಲ್ಲಿ ವಿಮಾನದ ಮೂತಿಯನ್ನು ಕೆಳಗೆ ಒತ್ತಿದಳು. ಎರಡನೆಯ ಸಲ ಇನ್ನೂ ಎತ್ತರ ಪುಟಿಯಿತು. ಮೂರನೆಯ ಸಲಕ್ಕೆ ಮುಂದಿನ ಚಕ್ರ ಮುರಿದು, ಪ್ರೊಪೆಲರ್ ನೆಲಕ್ಕೆ ಬಡಿದು ಮುದುಡಿತು. ಹೀಗೇಕಾಯಿತೆಂದು ಹಾರಿಸಿದವರೇ ತರಬೇತಿ ಶಾಲೆಗೆ ಬರೆದು ಕೊಡಬೇಕಂತೆ.

“ಗಾಳಿ ಬೀಸ್ತು ಅಂತ ಬರದು ಕೊಡು,” ಎಂದ ವಿಜಯೀಂದ್ರ. “ಗಾಳಿ ಇತ್ತೋ ಇಲ್ಲೋ?”

“ಇತ್ತಪ್ಪ, ಒಂಚೂರು.”

“ಮತ್ತೇನು! ಗಾಳೀನ ಕರದು ಯಾರರ ಸಾಕ್ಷಿ ಕೇಳ್ತಾರೇನು?”

“ನನ್ನ ಜೋಡಿ ಕಲಿಯೂ ಸವಣೂರ ಅಯಾಜನೂ ಹಂಗ ಅಂದ. ಖರೇ ಬರದ್ರ ಇನ್ನ ಎರಡು ತಿಂಗಳು ಒಬ್ಬಾಕಿನ್ನ ಹಾರಲಿಕ್ಕೆ ಬಿಡೂದಿಲ್ಲಂತ. ಹೊಸಬರ ಗತೆ ಮತ್ತ ಬಾಜೂಕ ಮಾಸ್ತರ್ ಕುಂಡ್ರತಾರ.”

ಯಮುನಾಬಾಯಿ ಮೆಲ್ಲಗೆ ಕೇಳಿದಳು. “ನೀ ಏನು ಬರೀತಿ, ಪುಟ್ಟಿ?”

ಆ ಕಡೆ ಮೂಗು ಎಳೆದ ಸದ್ದಾಯಿತು. “ನಿನ್ನೇನ ಬರದು ಕೊಟ್ಟೆ, ಅವ್ವ. ಮ್ಯಾಲೆ ಏರಬೇಕಿತ್ತು, ನಾ ಏರಲಿಲ್ಲ, ಮೂತಿ ಒತ್ತಿದೆ ಅಂತ. ಗಾಳಿ ಸುದ್ದೀನ ಬರೀಲಿಲ್ಲ. ಹುಚ್ಚಿ ಆದೆನೇನು?”

ಹೊಸ್ತಿಲು ಯಾವಾಗ ದಾಟಿದೆನೋ ಯಮುನಾಬಾಯಿಗೆ ತಿಳಿಯಲಿಲ್ಲ. ಗಂಡನ ಕೈಯಿಂದ ಫೋನು ಕಿತ್ತುಕೊಂಡು ಕಿವಿಗೆ ಒತ್ತಿಕೊಂಡಿದ್ದಳು. “ಇಲ್ಲವಾ, ನನ ಕೂಸ. ಮಾಸ್ತರ್ ಬಾಜೂಕ ಕುಂಡ್ರಲಿ, ಮತ್ತ ಕಲಿ. ತುಟಿಗೆ ತುಪ್ಪಾ ಹಚ್ಚಿಕೋ.”

ಫೋನು ಮರಳಿ ಪಡೆದ ವಿಜಯೀಂದ್ರ ಪಡಸಾಲೆಯತ್ತ ಇಣುಕಿ ದನಿ ತಗ್ಗಿಸಿದ. “ಮಡಿ ಹೋತಲ್ಲ! ಇರಲಿ, ಹತ್ತ ನಿಮಿಷ ಉಳದದ. ಅಣ್ಣ ಏನು ನೋಡಿಲ್ಲ. ಬಡಿಸಿಬಿಡು.”

ಯಮುನಾಬಾಯಿ ಅವನ ಮುಖವನ್ನೇ ನೋಡಿದಳು. ಅವನು ಕೈಯಲ್ಲಿದ್ದ ಫೋನನ್ನು ನೋಡಿಕೊಂಡ. ಆಕೆ ಬಚ್ಚಲಿಗೆ ನಡೆದಳು.

ಬಿಸಿನೀರು ತೀರಿತ್ತು. ತಣ್ಣೀರನ್ನೇ ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಅನ್ನದ ಪಾತ್ರೆ ಹಿಡಿದು ಬಂದಾಗ ಏಳಕ್ಕೆ ಮೂರು ನಿಮಿಷ.

“ಏನವಾ ಯಮುನಾ,” ರಾಘಣ್ಣ ಗಡಿಯಾರದಿಂದ ಕಣ್ಣು ಕೀಳದೆ ಕೇಳಿದರು, “ನನ್ನ ವ್ರತಾ ಕೆಡಸೂ ವಿಚಾರ ಅದ ಏನು? ಒಂದ ಮುಂಜಾನಿಗೆ ಎರಡು ಸ್ನಾನ?”

ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಮುನಾಬಾಯಿ ಅನ್ನ ಬಡಿಸುತ್ತ, ಹಾನಗಲ್ಲಿನ ಆ ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಮಗಳು ವಿಮಾನ ಮುರದಾಳ್ರಿ, ಭಾವನವರ. ನಾನ ಮುರದೆ ಅಂತ ತಾನ ಬರದು ಕೊಟ್ಟಾಳ!”