ಬೆವರಿನ ತಪಾಸಣೆ

ಕೋಣೆಯ ಬಾಗಿಲು ತೆರೆದ ಹೆಂಡತಿಯ ಮುಖಕ್ಕೆ ತಂಪು ಗಾಳಿ ರಪ್ಪನೆ ಬಡಿಯಿತು. ಖರ್ಚು ಇಳಿಸಲು ಈ ಬೇಸಿಗೆಯಲ್ಲಿ ಏಸಿ ಮುಟ್ಟಬಾರದು, ಎಲ್ಲರೂ ನಡುಮನೆಯ ಒಂದೇ ಫ್ಯಾನಿನ ಕೆಳಗೆ ಕೂರಬೇಕು ಎಂದು ಮನೆಮಂದಿಯೆಲ್ಲ ಒಪ್ಪಿದ್ದರು. "ರೀ, ಯಾರೋ ಕದ್ದು ಏಸಿ ಹಾಕಿದ್ದಾರೆ!"

"ನಮ್ಮನೇಲೇ ಕಳ್ಳರಾ? ಕತ್ತು ಮುಟ್ಟಿದ್ರೆ ಗೊತ್ತಾಗುತ್ತೆ, ಯಾರು ಬೆವರಿಲ್ಲ ಅಂತ," ಗಂಡ ಗುಡುಗಿದ. ಹೆಂಡತಿಯ ಕತ್ತು ಒದ್ದೆಯಾಗಿತ್ತು. ಮಗಳದು ತೊಯ್ದು ತೊಪ್ಪೆಯಾಗಿತ್ತು. ಆದರೂ ಅವನು ಬಿಡಲಿಲ್ಲ. "ನೀರು ಚಿಮುಕಿಸ್ಕೊಂಡು ನಾಟಕ ಆಡ್ತಿದ್ದೀಯಾ?" ಎಂದು ಮಗಳನ್ನು ದುರುಗುಟ್ಟಿ ನೋಡಿದ.

ಮೂಲೆಯಲ್ಲಿ ಕೂತಿದ್ದ ಅವನ ತಾಯಿ ತಮ್ಮ ಬೆವರಿದ ಕತ್ತನ್ನೂ ತೋರಿಸಿ, ಅವನ ತೋಳು ಹಿಡಿದುಕೊಂಡರು. "ಎಲ್ಲರದೂ ಆಯ್ತಲ್ಲಪ್ಪ. ಎಲ್ಲಿ, ನೀನೂ ಸ್ವಲ್ಪ ಬಗ್ಗು ನೋಡೋಣ."

ಅವನು ಸರಕ್ಕನೆ ಕಾಲರ್ ಮೇಲೆತ್ತಿಕೊಂಡ.