ಕಂಬದ ಹಿಂದಿನ ಕೈಗಳು

ಹಾಡಹಗಲಲ್ಲಿ ಎಂಥ ಭಯ ಎನ್ನುವವರು ಇದನ್ನು ಕೊನೆಯವರೆಗೂ ಓದಬೇಕು...

ಗಾಂಧಿ ಜಯಂತಿಗೆ ಭಾನುವಾರವೂ ಸೇರಿ ಮೂರು ದಿನ ರಜೆ. ಹುಬ್ಬಳ್ಳಿಯ ಕಾಲೇಜೊಂದರ ನಲವತ್ತು ಹುಡುಗ ಹುಡುಗಿಯರು ಶ್ರಮದಾನದ ಕ್ಯಾಂಪ್ ಎಂದು ಒಂದು ಹಳ್ಳಿಗೆ ಹೋದರು.

ಕೆಲಸ ಒಂದೇ. ಹೂಳು ತುಂಬಿದ ಹಳೆಯ ಮೆಟ್ಟಿಲು ಬಾವಿಯನ್ನು ಸ್ವಚ್ಛ ಮಾಡುವುದು.

ಅವರಲ್ಲಿ ಭಾಗ್ಯಶ್ರೀಯೂ ಇದ್ದಳು. ವಾರದ ಹಿಂದೆ ಸ್ಕೂಟಿಯಿಂದ ಬಿದ್ದು ಬಲಗೈ ಮುರಿದಿತ್ತು. ಮೊಣಕೈವರೆಗೂ ಪ್ಲಾಸ್ಟರ್!

"ಮುರದ ಕೈ ಇಟ್ಕೊಂಡು ಅಲ್ಲಿ ಏನ್ ಕಡದು ಕಟ್ಟಿ ಹಾಕ್ತೀ?" ಎಂದು ಅವ್ವ ಬೈದಿದ್ದಳು. ಮಗಳು ಕೇಳಿದರೆ ತಾನೆ...

ಕ್ಯಾಂಪಿನ ಹಂಚಿನಾಳ ಸರ್ ಕೂಡ ಅದನ್ನೇ ಹೇಳಿದರು. "ತಂಗೀ, ಸಂಜೀ ಬಸ್ಸಿಗೆ ಊರಿಗೆ ಹೋಗಿಬಿಡು. ಇಲ್ಲಿ ಎರಡೂ ಕೈ ಇದ್ದವರಿಗೇ ಸಾಕಾಗೇತಿ."

ಭಾಗ್ಯಶ್ರೀಗೆ ಅಳು ಬಂತು. "ಒಂದು ಕೈಯಿಂದ ಆಗೋದು ಏನರ ಕೊಡ್ರಿ ಸರ್. ಆಗಲಿಲ್ಲಂದ್ರ ನಾನೇ ಹೋಗ್ತೀನಿ."

ಬಾವಿಯ ತಳದಿಂದ ಮೇಲಿನವರೆಗೆ ಸಾಲಾಗಿ ನಿಂತು ಹೂಳಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಬೇಕಿತ್ತು. ನಡುವೆ ಮೆಟ್ಟಿಲು ತಿರುಗುವಲ್ಲಿ ಒಂದು ದಪ್ಪ ಕಂಬ. ಸರ್ ಅವಳನ್ನು ಅಲ್ಲಿ ಕೂರಿಸಿದರು.

ಕೆಳಗಿನಿಂದ ಬಂದ ಬುಟ್ಟಿಯನ್ನು ಎಡಗೈಯಿಂದ ಕಲ್ಲಿನ ಮೇಲೆ ಜಾರಿಸಿ ಕಂಬದಾಚೆ ತಳ್ಳಬೇಕು. ಎರಡು ಮೆಟ್ಟಿಲು ಮೇಲೆ ನಿಂತ ಗೆಳತಿ ಪ್ರೀತಿ ಇಳಿದು ಬಂದು ಎತ್ತಿಕೊಳ್ಳಬೇಕು.

ಮೊದಲ ಬುಟ್ಟಿ ತಳ್ಳಿದಳು...

ಕಂಬದ ಹಿಂದಿನ ಕತ್ತಲಿನಿಂದ ಎರಡು ಕೈಗಳು ಬಂದವು. ಸುಕ್ಕುಗಟ್ಟಿದ ಕೈಗಳು. ಹಸಿರು ಹಚ್ಚೆ, ಗಾಜಿನ ಬಳೆ. ಬುಟ್ಟಿಯನ್ನು ಎತ್ತಿ ಮೇಲಿನ ಮೆಟ್ಟಿಲಿಗೆ ಇಟ್ಟು ಮರೆಯಾದವು.

ಊರಿನ ಯಾರೋ ಅಜ್ಜಿ ಸಹಾಯಕ್ಕೆ ಬಂದಿರಬೇಕು ಎಂದುಕೊಂಡಳು. ಸಂಜೆಯವರೆಗೂ ಆ ಕೈಗಳು ಒಂದು ಬುಟ್ಟಿಯನ್ನೂ ತಪ್ಪಿಸಲಿಲ್ಲ. ಅವಳನ್ನು ಬಸ್ಸು ಹತ್ತಿಸುವ ಮಾತನ್ನು ಸರ್ ಕೂಡ ಮತ್ತೆ ತೆಗೆಯಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಪ್ರೀತಿಯನ್ನು ಕೇಳಿದಳು. "ನಮ್ಮಿಬ್ಬರ ನಡುವ ಅದಾಳಲ್ಲ, ಆ ಅಜ್ಜಿ ಯಾರs?"

"ಯಾವ ಅಜ್ಜಿ? ನಾ ತಿರುಗಿ ನೋಡೂದ್ರಾಗ ಬುಟ್ಟಿ ನನ್ನ ಕಾಲ ಹತ್ರಾನೇ ಇರ್ತಿತ್ತು. ನೀನೇ ಎದ್ದು ಇಡಾಕತ್ತೀಯಂತ ತಿಳ್ಕೊಂಡಿದ್ನಿ..."

ಭಾಗ್ಯಶ್ರೀಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

ರೊಟ್ಟಿ ತಂದಿದ್ದ ಊರ ಹಿರಿಯ ಸಂಗನಗೌಡಜ್ಜ ಇದನ್ನು ಕೇಳಿಸಿಕೊಂಡ. "ಆ ಕಂಬದ ಹತ್ರ ಕುಂಡ್ರಬ್ಯಾಡವಾ. ನಾವು ಸಣ್ಣವರಿದ್ದಾಗ ನೀರಡಿಸಿದ ಹುಡುಗಿ ಒಂದು ಕದ್ದು ಬಾವಿಗೆ ಇಳದಿತ್ತು. ಬಡಿಗಿ ತಗೊಂಡು ಬಡದ್ರು. ಕೈ ಮುರೀತು... ಇಲ್ಲೇ ಸತ್ತಳಂತ. ಈಗೂ ಬಳಿ ಸಪ್ಪಳ ಕೇಳ್ತದ."

"ನೀರು ಕುಡದ್ರ ಯಾಕ್ ಬಡದ್ರು ಅಜ್ಜಾ?"

"ಆಕಿ ಮುಟ್ಟಬಾರದಾಗಿತ್ತು..." ಎಂದವನೇ ಅಜ್ಜ ಎದ್ದು ಹೊರಟುಬಿಟ್ಟ.

ಮಧ್ಯಾಹ್ನದ ಕೆಲಸ ಶುರುವಾಯಿತು. ಎದ್ದು ಹೋದರೆ ಊರಿನ ಬಸ್ಸು, ಕುಳಿತರೆ ಆ ಕೈಗಳು. ಭಾಗ್ಯಶ್ರೀ ಕಂಬದ ಹತ್ತಿರವೇ ಹೋಗಿ ಕುಳಿತಳು.

ಬುಟ್ಟಿ ತಳ್ಳಿದಳು... ಬಳೆ ಸದ್ದಾಯಿತು... ಕೈಗಳು ಬಂದವು. ಈ ಸಲ ಸರಿಯಾಗಿ ನೋಡಿದಳು. ಎಡಗೈಯ ಮಣಿಕಟ್ಟು ಸೊಟ್ಟಗಿತ್ತು. ಎಂದೋ ಮುರಿದು ಹಾಗೇ ಕೂಡಿಕೊಂಡಿತ್ತು.

ಅದೆಲ್ಲಿಂದ ಧೈರ್ಯ ಬಂತೋ, ಆ ಕೈಯನ್ನು ಗಪ್ಪನೆ ಹಿಡಿದುಬಿಟ್ಟಳು!

ತಣ್ಣಗಿರುತ್ತದೆ ಎಂದುಕೊಂಡಿದ್ದಳು... ಬೆಚ್ಚಗಿತ್ತು.

"ಬಿಡು ಯವ್ವಾ... ಯಾರರ ನೋಡ್ಯಾರು," ಎಂದಿತು ಕತ್ತಲು.

ಕಂಬದ ಹಿಂದೆ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ. ಅದರಾಚೆ ಇಳಿಜಾರಿನ ಹೊಲ, ಹೊಲದಾಚೆ ಊರು ಹೊರಗಿಟ್ಟ ಕೇರಿ. ಕಿಂಡಿಯೊಳಗೆ ಮುದುಡಿ ಕುಳಿತಿದ್ದಳು ಒಬ್ಬ ಮುದುಕಿ. ಹೆಸರು ದುರಗವ್ವ.

"ನೀರಡಿಸಿ ಬಂದಿದ್ದ ಹುಡುಗಿ ನಾನೇ ಯವ್ವಾ. ನಾ ಸತ್ತಿಲ್ಲ. ಕೂಗಿದ್ರ ಕೇಳೂವಷ್ಟು ದೂರದಾಗs ಅದೀನಿ. ಊರವರು ದೆವ್ವಾ ಅಂದ್ರು, ನಾನೂ ಇಲ್ಲ ಅನ್ನಲಿಲ್ಲ."

"ಮತ್ತ ಈಗ ಯಾಕ್ ಬಂದಿ ಆಯೀ?"

ದುರಗವ್ವ ಆ ಬಿಳಿಯ ಪ್ಲಾಸ್ಟರನ್ನು ಮೆಲ್ಲಗೆ ಸವರಿದಳು.

"ಹೊಲದಾಗಿದ್ನಿ. ಮುರದ ಕೈ ಇಟ್ಕೊಂಡು ನೀ ಕೆಲಸ ಬೇಡಾಕತ್ತಿದ್ದು ಕೇಳಿಸ್ತು. ತಡೀಲಿಲ್ಲ ನೋಡು... ನಿನ್ನ ಕೈಯರ ಕಟ್ಯಾರ. ನನ್ನ ಕೈ ಯಾರೂ ಕಟ್ಟಲಿಲ್ಲ ಯವ್ವಾ."

ಭಾಗ್ಯಶ್ರೀ ಬಿಕ್ಕಿ ಬಿಕ್ಕಿ ಅತ್ತಳು.

ಮೂರನೆಯ ದಿನ ಬಾವಿಯ ತಳದಲ್ಲಿ ಜಲ ಒಡೆಯಿತು! ಸಂಗನಗೌಡಜ್ಜ ಗಂಗಾಪೂಜೆಗೆ ತಟ್ಟೆ ಹಿಡಿದು ಇಳಿದು ಬಂದ. ಊರಿಗೆ ಊರೇ ಮೇಲೆ ನಿಂತು ನೋಡುತ್ತಿತ್ತು.

ಆಗ ಎಲ್ಲರ ಎದುರಿಗೇ ನಡು ಮೆಟ್ಟಿಲಿನಲ್ಲಿ ಭಾಗ್ಯಶ್ರೀ ಹಿಂಜರಿಯುತ್ತಿದ್ದ ದುರಗವ್ವನ ಕೈ ಹಿಡಿದು ಇಳಿದಳು. ಸರಪಳಿಯಂತೆ ನಿಂತಿದ್ದ ಹುಡುಗ ಹುಡುಗಿಯರು ಸರಿದು ದಾರಿ ಬಿಟ್ಟರು.

"ಅಜ್ಜಾ, ನಿಮ್ಮ ದೆವ್ವ ಇವಳೇ ನೋಡ್ರಿ. ಎರಡು ದಿನ ನನ್ನ ಪಾಲಿನ ಬುಟ್ಟಿ ಹೊತ್ತಾಳ. ಮೊದಲನೇ ನೀರು ಇವಳಿಗೆ."

ಅಜ್ಜ ಆ ಸೊಟ್ಟ ಮಣಿಕಟ್ಟನ್ನು ನೋಡಿದ. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತ.

ಭಾಗ್ಯಶ್ರೀ ಪೂಜೆಗೆ ತಂದಿದ್ದ ಚರಿಗೆಯಲ್ಲಿ ಎಡಗೈಯಿಂದ ನೀರು ತುಂಬಿದಳು.

ದುರಗವ್ವ ಬೊಗಸೆ ಒಡ್ಡಿದಳು... ಮೇಲಿನಿಂದ ಹೊಯ್ಯಲಿ ಎಂದು. ಇಷ್ಟು ವರ್ಷ ಅವಳು ನೀರು ಕುಡಿದದ್ದೇ ಹಾಗೆ.

ಭಾಗ್ಯಶ್ರೀ ಹೊಯ್ಯಲಿಲ್ಲ. ಆ ಬೊಗಸೆಯಲ್ಲಿ ಚರಿಗೆಯನ್ನೇ ಇಟ್ಟಳು.

ಮುದುಕಿ ಅದನ್ನು ಎದೆಗೆ ಒತ್ತಿ ಹಿಡಿದು ಮಗುವಿನ ಹಾಗೆ ಅತ್ತಳು. ಆಮೇಲೆ ನೀರು ಕುಡಿದಳು.

ನಾವು ಮುಖ ಕೊಟ್ಟು ನೋಡದ ಮನುಷ್ಯರೇ ನಮ್ಮ ಊರಿನ ದೆವ್ವಗಳಾಗುತ್ತಾರೆ.

ನಿಮ್ಮ ಪಾಲಿನ ಬುಟ್ಟಿಯನ್ನೂ ಯಾರೋ ಸದ್ದಿಲ್ಲದೆ ಹೊರುತ್ತಿದ್ದಾರೆ... ಕಂಬದ ಹಿಂದೆ ಒಮ್ಮೆಯಾದರೂ ಇಣುಕಿದ್ದೀರಾ?